ಪರೀಕ್ಷೆಗೆ ಕೊಟ್ಟ ಫೋಟೋ

ಶ್ರದ್ಧಾಂಜಲಿ ಬ್ಯಾನರಿನಲ್ಲಿ ನನ್ನ ಮುಖವನ್ನು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು. ಅದು ಅಲುಗಲಿಲ್ಲ. ಫೋಟೋ ಕೊಟ್ಟವಳು ನಾನೇ ಆಗಿದ್ದೆ.

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಪ್ರೆಸ್ಸಿನಲ್ಲಿ ನಾನು ಬೈಂಡಿಂಗ್ ಕೆಲಸದವಳು. ಕಾಗದ ಮಡಚುವುದು, ಪಿನ್ನು ಹೊಡೆಯುವುದು, ಅಂಟು ಹಚ್ಚುವುದು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ದೊಡ್ಡದಿದ್ದರೆ ಕೂಡಿಸಿಕೊಂಡು ಓದುತ್ತೇನೆ, ಸಣ್ಣದಿದ್ದರೆ ಬಿಟ್ಟುಬಿಡುತ್ತೇನೆ. ದೊಡ್ಡ ಸಾಹುಕಾರರು ಇದ್ದಾಗ ಸೇರಿದೆ. ಈಗ ಪ್ರೆಸ್ಸು ಅವರ ಮಗ ಅಭಿಷೇಕನ ಕೈಯಲ್ಲಿದೆ. ಅವನು ಚಡ್ಡಿ ಹಾಕಿಕೊಂಡು ಕಾಗದದ ಚೂರುಗಳಲ್ಲಿ ಹೊರಳಾಡಿ ಬೆಳೆದವ. ಹೀಗಾಗಿ ನನಗೆ ಅವನು ಅಭಿ, ಅವನಿಗೆ ನಾನು ಆಯಿ.

ನನಗೆ ಇನ್ನೊಂದು ಕೆಲಸವೂ ಇತ್ತು. ಅದಕ್ಕೆ ಪಗಾರವಿಲ್ಲ, ಮರ್ಯಾದೆಯಿತ್ತು. ಲಗ್ನದ ಕಾರ್ಡು ಅಚ್ಚಾಗಿ ಬಂದಮೇಲೆ ಎಲ್ಲಕ್ಕೂ ಮೇಲಿನ ಕಾರ್ಡಿಗೆ ಅರಿಶಿಣ ಕುಂಕುಮ ಹಚ್ಚಿ ಗಿರಾಕಿಯ ಕೈಗೆ ಕೊಡುವುದು ನಮ್ಮ ಪ್ರೆಸ್ಸಿನ ಪದ್ಧತಿ. ಹಚ್ಚುವವಳು ಮುತ್ತೈದೆಯೇ ಆಗಿರಬೇಕು. ಮೊದಲು ಅಭಿಯ ತಾಯಿ ಹಚ್ಚುತ್ತಿದ್ದರು. ದೊಡ್ಡ ಸಾಹುಕಾರರು ತೀರಿಕೊಂಡ ಮರುವಾರ ಅವರೇ ಕುಂಕುಮದ ಬಟ್ಟಲನ್ನು ತಂದು ನನ್ನ ಮುಂದೆ ಇಟ್ಟರು. "ಇನ್ನ ಇದು ನಿಂದು ಬಾಳವ್ವ" ಎಂದರು.

ಈ ಸಲ ಸಂಕ್ರಾಂತಿ ಮುಗಿದು ಲಗ್ನದ ಸುಗ್ಗಿ ಸುರುವಾಗುವ ಹೊತ್ತಿಗೆ ನಮ್ಮ ಕಂಪ್ಯೂಟರ್ ಆಪರೇಟರ್ ಸಿದ್ರಾಮ ಮೂಡಲಗಿಯಲ್ಲಿ ಸ್ವಂತ ಅಂಗಡಿ ಹಾಕಿಕೊಂಡು ಹೋಗಿಬಿಟ್ಟ. ಅಭಿ ಹೊಸಬರನ್ನು ಹುಡುಕತೊಡಗಿದ. ಫೋನು ಮಾಡಿದವರೆಲ್ಲ ಫೋಟೋಶಾಪ್ ಬರುತ್ತದೆ, ಕೋರಲ್ ಬರುತ್ತದೆ, ಎಲ್ಲ ಬರುತ್ತದೆ ಎನ್ನುವವರೇ.

"ಬಾಯಿಲೆ ಎಲ್ಲಾರಿಗೂ ಬರತೈತಿ ಆಯಿ" ಎಂದ ಅಭಿ. "ಕುಂಡ್ರಿಸಿ ಕೆಲಸಾ ಮಾಡಿಸಿ ನೋಡಬೇಕು. ಲಗ್ನದ ಕಾರ್ಡ್ ಯಾರ ಬೇಕಾದ್ರೂ ಮಾಡ್ತಾರ. ತಯಾರ ಡಿಸೈನ್ ಇರ್ತಾವ, ಹೆಸರು ಬದ್ಲಿ ಮಾಡಿದ್ರ ಆತು. ಹೆಣಾ ಮನ್ಯಾಗ ಇಟಗೊಂಡು, ಹರಕ ಫೋಟೋ ತಂದು, ಮಣ್ಣಿಗೆ ಹೋಗೂದ್ರೊಳಗ ಬ್ಯಾನರ್ ಬೇಕು ಅಂತಾರಲ್ಲ, ಆವಾಗ ಗೊತ್ತಾಗತೈತಿ ಯಾರ ಕೈ ಎಂಥಾದು ಅಂತ."

ಪರೀಕ್ಷೆಗೆ ಶ್ರದ್ಧಾಂಜಲಿಯೇ ಸರಿ ಎಂದಾಯಿತು. ಆದರೆ ಯಾರ ಫೋಟೋ? ಗಿರಾಕಿಗಳದು ಹಾಕುವಂತಿಲ್ಲ. ತನ್ನದು ಹಾಕೋಣವೆಂದರೆ ಅಭಿಯ ಹೆಂಡತಿ ರಾಜೇಶ್ವರಿ ಅಡುಗೆಮನೆಯಿಂದಲೇ ಲಟ್ಟಣಿಗೆ ತೋರಿಸಿದಳಂತೆ.

"ನಂದು ಹಾಕು" ಎಂದೆ. "ನಾ ಹಣ್ಣೆಲಿ, ಉದುರಾಕಿ. ಇವತ್ತಲ್ಲ ನಾಳೆ ನೀವ ಹಾಕಾವರು. ಒಮ್ಮೆ ನೋಡ್ಯಾರ ಹೋಗ್ತೇನಿ."

ಹಳೆಯ ಗುರುತಿನ ಚೀಟಿಯೊಂದಕ್ಕೆ ಅಂಟಿಸಿದ್ದ ಫೋಟೋ ಕಿತ್ತು ಕೊಟ್ಟೆ. ಗಲ್ಲದ ಮೇಲೆ ಕಚೇರಿಯ ಸಿಕ್ಕೆಯ ನೀಲಿ ಕಲೆ, ಮೂಲೆಯಲ್ಲಿ ಪಿನ್ನಿನ ತುಕ್ಕು. ಅಭಿಗೆ ಬಹಳ ಖುಷಿಯಾಯಿತು, ಪರೀಕ್ಷೆಗೆ ಇಂಥದ್ದೇ ಬೇಕಾಗಿತ್ತಂತೆ. ಬಂದವರಿಗೆ ಇದು ಸುಳ್ಳು ಸಾವು ಎಂದು ಹೇಳಬಾರದು, ನಾನು ಒಳಗೆ ಬೈಂಡಿಂಗ್ ಕೋಣೆಯಲ್ಲೇ ಇರಬೇಕು ಎಂದು ಕಟ್ಟುಮಾಡಿದ. ಖರೆ ಎಂದು ತಿಳಿದರೆ ಮಾತ್ರ ಖರೆ ಕೆಲಸ ಮಾಡುತ್ತಾರೆ ಎನ್ನುವುದು ಅವನ ಲೆಕ್ಕ.

ಮೊದಲು ಬಂದವನು ಮೂಡಲಗಿಯ ಸುಶಾಂತ ಎನ್ನುವ ಹುಡುಗ. ಕೈ ಬಲು ಚುರುಕು. ಮುಗಿದಮೇಲೆ ಅಭಿ ಕೂಗಿದ, "ಆಯಿ, ಬಾ ಇಲ್ಲಿ, ನೀ ಸತ್ತದ್ದು ನೋಡು."

ಕಪ್ಪು ಹಿಡಿದುಕೊಂಡೇ ಹೋದೆ. ಪರದೆಯ ತುಂಬ ಮೋಡ, ಸರೋವರ, ಎರಡು ಹಂಸ. ನಡುವೆ ಹಾಲಿನಂಥ ಮುಖದ ಒಬ್ಬ ಹೆಂಗಸು, ತುಟಿ ಕೆಂಪಗೆ.

"ಯಾವ ನಾಟಕದಾಕಿ ಇಕಿ?" ಎಂದೆ.

ಸುಶಾಂತ ತಿರುಗಿ ನೋಡಿ, ಪರದೆ ನೋಡಿ, ಮತ್ತೆ ನನ್ನನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ಕಾಲಿಗೆ ಬಿದ್ದು, "ಕ್ಷಮಾ ಮಾಡ್ರಿ ಆಯಿ, ನಮ್ಮ ಕಡೆ ಬೆಳ್ಳಗ ಮಾಡದಿದ್ರ ಮಂದಿ ಒಪ್ಪೂದಿಲ್ರಿ" ಎಂದ. ಎಲ್ಲರೂ ನಕ್ಕೆವು. ಹುಡುಗನೂ ನಕ್ಕ. ಒಳ್ಳೆಯವನೇ. ಇನ್ನೊಬ್ಬರನ್ನು ನೋಡಿ ಹೇಳುತ್ತೇನೆ ಎಂದು ಅಭಿ ಅವನನ್ನು ಕಳಿಸಿದ.

ಆ ಇನ್ನೊಬ್ಬಳು ಸಪ್ನಾ. ಕಲ್ಲೋಳಿಯವಳು. ಜೊತೆಗೆ ಅವಳ ತಾಯಿ ಉದ್ದವ್ವ. ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತಳು, ತಾಯಿಯನ್ನು ಅಭಿ ನನ್ನ ಕೋಣೆಗೆ ಕಳಿಸಿದ. ಉದ್ದವ್ವ ಗೋಡೆಗೆ ಒರಗಿ ಕುಳಿತದ್ದೇ ತಡ, ನನ್ನ ಮುಂದಿನ ಗುಡ್ಡೆಯಿಂದ ಕಾಗದ ಎಳೆದುಕೊಂಡು ಮಡಚತೊಡಗಿದಳು.

"ಇರಲಿ ಬಿಡವಾ, ದಣದ ಬಂದೀದಿ" ಎಂದೆ.

"ಕೈ ಖಾಲಿ ಇದ್ರ ನನಗ ಕುಂಡ್ರಾಕ ಬರೂದಿಲ್ರಿ. ನಿಮ್ಮ ಸಾಹುಕಾರ್ರು ಸಿಟ್ಟಿನವರೇನ್ರಿ?"

"ಸಿಟ್ಟ ಐತಿ. ಬಾಳ ಹೊತ್ತ ನಿಲ್ಲೂದಿಲ್ಲ."

"ನಮ್ಮ ಮಾವಂದೂ ಹಂಗ ಇತ್ರಿ. ಆದ್ರ ಅದು ಇಳಿಯೂದ್ರೊಳಗ ರೊಟ್ಟಿ ಒಣಗಿ ಕಟಕ ಆಗಿರತಿದ್ದು" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಾಕೈದು ಕಡೆ ಕೇಳಿ ಬಂದಾಳ್ರಿ. ಗಂಡ ಹುಡುಗೂರ ಬೇಕು ಅಂತಾರ. ಕಣಗಲಾ ಊರಾಗ ನಮ್ಮಣ್ಣನ ಮನ್ಯಾಗ ಇದ್ದು ಒಂದು ಬ್ಯಾನರ್ ಅಂಗಡ್ಯಾಗ ಮಾಡತಿದ್ಳು, ಅದೂ ಬಂದ್ ಆತು. ಇದೊಂದು ಆಗಲಿಲ್ಲಂದ್ರ ಸೋಮಾರದಿಂದ ನನ್ನ ಜೋಡಿ ಅರಿಶಿಣಾ ಕೀಳಾಕ ಬಾ ಅಂದಾನ ಅವರಪ್ಪ. ಆಕಿ ಉಣ್ಣೂದ ಬಿಟ್ಟಾಳ್ರಿ."

"ಕೆಲಸಾ ಬರತೈತಿಲ್ಲೋ, ಆಕ್ಕೈತಿ ತಗೋ."

"ನಿಮ್ಮ ಬಾಯಾಗ ಸಕ್ಕರಿ ಬೀಳಲಿ. ನಿಮ್ಮ ಮನಿಯವರು ಏನ ಮಾಡ್ತಾರ್ರಿ?"

"ಊರಾಗಿಲ್ಲ."

ಈ ಪ್ರಶ್ನೆಗೆ ನಾನು ಯಾವಾಗಲೂ ಕೊಡುವ ಉತ್ತರ ಅದು. ಸುಳ್ಳಲ್ಲ. ಗೋಕಾಕ ಫಾಲ್ಸ್ ಊರಿನಲ್ಲಿ ನಮ್ಮ ಮನೆಯಿತ್ತು. ನಮ್ಮ ಮನೆಯವರು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಒಂದು ಯುಗಾದಿಯ ಮುಂದೆ ಕೊಲ್ಲಾಪುರದ ಕಡೆ ಹೆಚ್ಚಿನ ಪಗಾರದ ಕೆಲಸವಿದೆಯಂತೆ, ನೋಡಿ ಬರುತ್ತೇನೆ ಎಂದು ಹೋದರು. ಬರಲಿಲ್ಲ. ಜಗಳಾಡಿ ಹೋಗಿದ್ದರೆ ಇಂಥ ಮಾತಿಗೆ ಹೋದರು ಎಂದು ಹೇಳಿಕೊಳ್ಳಲಾದರೂ ಬರುತ್ತಿತ್ತು. ಹೋಗುವಾಗ ಬುತ್ತಿಗೆ ಇನ್ನೊಂದು ರೊಟ್ಟಿ ಇಡು ಎಂದು ಕೇಳಿ ಇಡಿಸಿಕೊಂಡಿದ್ದರು. ಮುಂಬಯಿಯಲ್ಲಿ ಕಂಡೆ ಎಂದರು ಒಬ್ಬರು, ಪಂಢರಪುರದಲ್ಲಿ ಎಂದರು ಮತ್ತೊಬ್ಬರು. ಸತ್ತರೆಂದು ಯಾರೂ ಹೇಳಲಿಲ್ಲ. ಅದಕ್ಕೆ ನಾನು ದಿನಾ ಬೆಳಿಗ್ಗೆ ಹಣೆಗೆ ಕುಂಕುಮ ಹಚ್ಚಿಕೊಂಡು ಕೆಲಸಕ್ಕೆ ಬಂದೆ. ಹಂಗೇ ಮುದುಕಿಯಾದೆ.

ಹೊರಗೆ ಅಭಿ ಗುಡುಗಿದ.

"ಏನ ಮಾಡೀದಿ ಇದು? ಆಂ? ಏನ ಮಾಡೀದಿ?"

ಉದ್ದವ್ವನ ಕೈಯಿಂದ ಕಾಗದ ಜಾರಿತು. ಇಬ್ಬರೂ ಎದ್ದು ಬಾಗಿಲಿಗೆ ಬಂದೆವು. ಹುಡುಗಿ ನಮಗೆ ಬೆನ್ನು ಮಾಡಿ ಕುಳಿತಿದ್ದಳು. ಅವಳ ತಲೆಯ ಮೇಲಿಂದ ನನಗೆ ಪರದೆ ಕಂಡಿತು.

ಅದು ನಾನೇ. ನೀಲಿ ಕಲೆ ಇಲ್ಲ, ತುಕ್ಕಿಲ್ಲ. ಗಲ್ಲದ ನೆರಿಗೆ ಇದ್ದಂತೆಯೇ ಇದೆ, ಬೈತಲೆಯ ನರೆ ಇದೆ, ಸೆರಗಿನ ದಡಿಯ ಎಳೆ ಎಣಿಸಬಹುದು. ಹಂಸವಿಲ್ಲ, ಮೋಡವಿಲ್ಲ; ಹಿಂದೆ ಬರೀ ತಿಳಿ ಬೂದು ಬಣ್ಣ, ಕೆಳಗೊಂದು ದೀಪ. ಕನ್ನಡಿಯಲ್ಲೂ ನನ್ನನ್ನು ನಾನು ಅಷ್ಟು ಸರಿಯಾಗಿ ಕಂಡಿರಲಿಲ್ಲ. ಆದರೆ ಹಣೆಯ ಮೇಲೆ ಕುಂಕುಮವಿರಲಿಲ್ಲ. ಅಲ್ಲಿ ವಿಭೂತಿಯ ಮೂರು ಗೆರೆ. ಕೊರಳಲ್ಲಿ ತಾಳಿ ಇರಲಿಲ್ಲ. ಇದ್ದ ಜಾಗದಲ್ಲಿ ಚರ್ಮದ ಬಣ್ಣ ಎಷ್ಟು ನಯವಾಗಿ ಕೂಡಿತ್ತೆಂದರೆ, ಅಲ್ಲಿ ಎಂದೂ ಏನೂ ಇರಲೇ ಇಲ್ಲವೇನೋ ಎನ್ನಬೇಕು.

ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು.

"ಕುಂಕುಮ ಎಲ್ಲಿ? ತಾಳಿ ಎಲ್ಲಿ?" ಅಭಿ ಮೇಜು ಬಡಿದ. "ನಾ ಕೊಟ್ಟ ಫೋಟೋದಾಗ ಇರಲಿಲ್ಲೇನು? ಅಳಸು ಅಂತ ಯಾರ ಹೇಳಿದ್ರು ನಿನಗ?"

ಹುಡುಗಿ ಹೆದರಲಿಲ್ಲ. ಕೆಲಸ ಬಲ್ಲವಳ ದನಿಯಲ್ಲೇ ಹೇಳಿದಳು, "ಫೋಟೋ ಹಳೇದೈತ್ರಿ ಸರ್. ಯಜಮಾನ್ರು ಮೊದಲ ತೀರಿಕೊಂಡಿದ್ರ ಹಳೇ ಫೋಟೋದಾಗಿನ ಕುಂಕುಮ ತಾಳಿ ತಗೀಬೇಕ್ರಿ. ಕಣಗಲಾದಾಗ ಒಮ್ಮೆ ಹಂಗ ಬಿಟ್ಟಿದ್ದಕ್ಕ ಮನಿ ಮಂದಿ ಬ್ಯಾನರ್ ಹರದು ನಮ್ಮ ಮುಂದ ಒಗದಿದ್ರು."

"ಯಜಮಾನ್ರು ತೀರ್ಯಾರಂತ ನಾ ಚೀಟ್ಯಾಗ ಬರದೇನೇನು?"

"ಇಲ್ರಿ. ನೀವು ಬಾಳವ್ವ ಪರಪ್ಪ ಸವಸುದ್ದಿ ಅಂತಷ್ಟ ಬರದೀರಿ. ನನಗ ಗೊತ್ತೈತ್ರಿ. ಪರಪ್ಪ ಸವಸುದ್ದಿ, ಮೂಲ ಗೋಕಾಕ ಫಾಲ್ಸ್. ಅವರ ಬ್ಯಾನರ್ ನಾನ ಮಾಡೇನ್ರಿ ಸರ್, ಹೋದ ಶ್ರಾವಣದಾಗ. ಆ ಅಡ್ಡಹೆಸರು ಆ ಕಡೆ ಇಲ್ಲ, ಅದಕ್ಕ ನೆನಪ ಉಳೀತು."

ನನ್ನ ಕಿವಿಯಲ್ಲಿ ಫಾಲ್ಸಿನ ಮಳೆಗಾಲದ ನೀರು ಮೊರೆದಂತಾಯಿತು. ನಾನು ಬಾಯಿಂದ ಎಂದೂ ತೆಗೆಯದ ಗಂಡನ ಹೆಸರು. ಆ ಹುಡುಗಿ ಎರಡು ಸಲ ಹೇಳಿದಳು.

ಕೂಗಿದವಳು ನಾನಲ್ಲ, ಉದ್ದವ್ವ. ಅವಳು ಪರದೆ ನೋಡಿದಳು, ಪಕ್ಕದಲ್ಲಿ ನಿಂತ ನನ್ನನ್ನು ನೋಡಿದಳು. "ಯವ್ವಾ! ಇವರು ಇಲ್ಲೇ ಅದಾರಲ್ಲ! ಜೀವಂತ ಅದಾರಲ್ಲ!"

ಸಪ್ನಾ ತಿರುಗಿದಳು. ತಾನು ಈಗಷ್ಟೇ ಮುಗಿಸಿದ ಮುಖ ಬಾಗಿಲಲ್ಲಿ ನಿಂತಿತ್ತು, ಹಣೆಯ ಮೇಲೆ ಕಾಸಿನಗಲ ಕುಂಕುಮ ಇಟ್ಟುಕೊಂಡು. ಅವಳ ತುಟಿಯ ಬಣ್ಣ ಹೋಯಿತು. ಮೌಸಿನ ಮೇಲೆ ಕೈ ಬಿಗಿಯಿತು. ನನ್ನ ಹಣೆ ನೋಡಿದಳು, ಕೊರಳು ನೋಡಿದಳು. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದುಹೋಯಿತು. ಗಂಡ ತೀರಿದ್ದು ಈ ಮುದುಕಿಗೆ ಗೊತ್ತಿಲ್ಲ ಎನ್ನುವುದು.

"ತಪ್ಪಾತ್ರಿ ಸರ್" ಎಂದಳು. ದನಿ ಸಣ್ಣದಾಗಿತ್ತು. "ಅವರು ಬ್ಯಾರೆ ಯಾರೋ ಇರಬೇಕ್ರಿ. ನಾ ವಿಚಾರ ಮಾಡದ ಅಳಸೇನಿ. ನಂದ ತಪ್ಪು."

"ಜೀವಂತ ಮುತ್ತೈದಿ ಹಣಿ ಅಳಿಸಿ ತಪ್ಪಾತು ಅಂದ್ರ? ಇವರ ಕೈಲೆ ನಾವು ಲಗ್ನದ ಕಾರ್ಡಿಗೆ ಕುಂಕುಮ ಹಚ್ಚಸ್ತೇವಿ, ಗೊತ್ತೈತೇನು? ಏಳು, ನಡಿ. ನಿನ್ನ ಕೆಲಸಾ ಬ್ಯಾಡ ನಮಗ."

ಉದ್ದವ್ವ ಮಗಳ ಬೆನ್ನಿಗೆ ಒಂದು ಬಿಟ್ಟಳು. "ಮಳ್ಳಿ! ಕೇಳಿ ಮಾಡಾಕ ಏನಾಗಿತ್ತ ನಿನಗ?" ಆಮೇಲೆ ಅಭಿಯ ಮುಂದೆ ಕೈಮುಗಿದಳು. "ಸಾಹುಕಾರ್ರ, ಕಂಪ್ಯೂಟರದಾಗಿಂದ ಅಲ್ಲೇನ್ರಿ, ಮತ್ತ ಹಚ್ಚಿದ್ರ ಹತ್ತತೈತಿ. ಹಚ್ಚ, ಏ ಹುಡುಗಿ, ಹಚ್ಚ ಲಗೂನ!"

ಸಪ್ನಾ ಹಚ್ಚಲಿಲ್ಲ. ಎದ್ದು ಚೀಲ ಹೆಗಲಿಗೇರಿಸಿದಳು. ನನ್ನನ್ನು ಬಿಟ್ಟು ಎಲ್ಲ ಕಡೆ ನೋಡುತ್ತಿದ್ದಳು. ಆಕೆ ನನ್ನ ಕಡೆ ನೋಡಿದ್ದರೆ ನಾನು ನಂಬುತ್ತಿದ್ದೆನೇನೋ, ಅವರು ಬೇರೆ ಯಾರೋ ಎಂದು. ನೋಡಲಿಲ್ಲ.

ನಾನು ಸುಮ್ಮನಿದ್ದರೆ ಅವಳು ಹೊಸ್ತಿಲು ದಾಟುತ್ತಿದ್ದಳು. ಸೋಮವಾರ ಅರಿಶಿಣದ ಹೊಲಕ್ಕೆ ಹೋಗುತ್ತಿದ್ದಳು. ನಾನು ಕೋಣೆಗೆ ಹೋಗಿ ಕಾಗದ ಮಡಚುತ್ತಿದ್ದೆ. ಯಾರಾದರೂ ಕೇಳಿದರೆ ಊರಾಗಿಲ್ಲ ಎನ್ನುತ್ತಿದ್ದೆ. ಸುಮ್ಮನಿರುವುದು ನನಗೆ ಹೊಸತಲ್ಲ. ಆದರೂ ಕಾಲು ಮುಂದೆ ಹೋದವು, ಕೈ ಅವಳ ಚೀಲ ಹಿಡಿಯಿತು.

"ತಡಿ ತಂಗಿ. ಆ ಮನಶ್ಯಾನ ಎಡಗಣ್ಣಿನ ಹುಬ್ಬು ಹೆಂಗಿತ್ತು?"

ಅವಳು ನೆಲ ನೋಡಿದಳು. "ನೆನಪಿಲ್ರಿ ಆಯಿ."

"ಅಡ್ಡಹೆಸರು ನೆನಪ ಐತಿ, ಹುಬ್ಬು ನೆನಪಿಲ್ಲ? ಬ್ಯಾನರ್ ಮಾಡೀದಿ ಅಂತಿ. ಮಾರಿ ಮ್ಯಾಲ ಕೆಲಸಾ ಮಾಡೀದಿ. ನನ್ನ ಆಣಿ ಐತಿ, ಹೇಳು."

ಅಭಿ, "ಆಯಿ, ಬಿಡ ಅದನ್ನ" ಎಂದ. ನಾನು ಚೀಲ ಬಿಡಲಿಲ್ಲ.

"ನಡುವ ತುಂಡಾಗಿತ್ರಿ" ಎಂದಳು ಹುಡುಗಿ. ಅವಳ ಕಣ್ಣು ತುಂಬಿದ್ದವು. "ಅಲ್ಲಿ ಕೂದಲಾ ಇರಲಿಲ್ಲ. ಫೋಟೋ ಹಾಳಾಗೈತಿ ಅಂತ ತಿಳದು ನಾ ತುಂಬಿದ್ದೆ. ಅವರ ಜೋಡಿ ಕೆಲಸಾ ಮಾಡಾವರು ಬಂದು, ಇದು ನಮ್ಮ ಮಾಮಾ ಅನಸೂದಿಲ್ಲ, ಹುಬ್ಬು ಇದ್ದಂಗ ಇಡು ಅಂದ್ರು."

ಸಣ್ಣವರಿದ್ದಾಗ ಎತ್ತು ತಲೆ ಕೊಡವಿ ಕೋಡು ತಾಗಿದ ಗುರುತು ಅದು. ಲಗ್ನದಲ್ಲಿ ಅಂತರಪಟ ಸರಿಸಿದಾಗ ನಾನು ನೋಡಿದ್ದೇ ಮೊದಲು ಅದನ್ನು.

ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಕಣಗಲಾ! ಹುಕ್ಕೇರಿಯ ಆಚೆ, ಹೈವೇ ಬಾಜೂಕ್ಕೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಿರುಗಿ ಬರಬಹುದು. ನಾನು ಮುಂಬಯಿ ಎಂದುಕೊಂಡಿದ್ದೆ. ದೂರವಿದ್ದುದಕ್ಕೆ ಬರಲಾಗಲಿಲ್ಲ ಎಂದುಕೊಂಡಿದ್ದೆ.

"ಬ್ಯಾನರ್ ಯಾರ ಮಾಡಿಸಿದ್ರು?" ಎಂದು ಕೇಳಿದೆ.

"ಹೈವೇ ಮ್ಯಾಲಿನ ಖಾನಾವಳಿಯವರು. ಅಲ್ಲೇ ಅಡಗಿ ಮಾಡತಿದ್ರಂತ, ಬಾಳ ವರ್ಷದಿಂದ."

"ಬ್ಯಾನರದಾಗ ಹೆಂಗಸರ ಹೆಸರು ಇತ್ತೇನು?"

"ಇಲ್ರಿ ಆಯಿ. ಖಾನಾವಳಿ ಗೆಳೆಯರ ಬಳಗ ಅಂತಷ್ಟ ಇತ್ತು. ಮನಿ ಮಂದಿ ಹೆಸರು ಕೇಳಿದೆ. ಯಾರೂ ಇಲ್ಲ ಅಂದ್ರು."

ಯಾರೂ ಇಲ್ಲ. ನಾನು ಆ ಮಾತನ್ನು ಕೇಳಿಸಿಕೊಂಡೆ. ಇನ್ನೊಬ್ಬಳಿದ್ದರೆ ಅವಳನ್ನು ಬಯ್ಯಬಹುದಿತ್ತು.

ಆಮೇಲೆ ಅಭಿಯ ಕಡೆ ತಿರುಗಿದೆ. "ಆಕಿದೇನ ತಪ್ಪಿಲ್ಲ ತಮ್ಮಾ. ಆಕಿ ಮಾಡಿದ್ದು ಬರೋಬ್ಬರಿ ಐತಿ. ಕೆಲಸಾ ಬಲ್ಲಾಕಿ, ಇಟಗೋ."

ಅಭಿ ನಿಂತಲ್ಲೇ ನಿಂತಿದ್ದ. ಅವನ ಕಿವಿ ಕೆಂಪಾಗಿದ್ದವು, ಸಣ್ಣವನಿದ್ದಾಗ ಬಯ್ಯಿಸಿಕೊಂಡರೆ ಆಗುತ್ತಿದ್ದ ಹಾಗೆ. ಬಳಿಗೆ ಬಂದು ಬಗ್ಗಿದ. "ಆಯಿ, ಇದು ಈ ನಾಲ್ಕು ಗ್ವಾಡಿ ದಾಟೂದಿಲ್ಲ. ಹುಡುಗಿನೂ ಇರ್ಲಿ, ಆಕಿ ಯಾರಿಗೂ ಹೇಳೂದಿಲ್ಲ. ನೀ ಹಂಗ ಇರು. ನಿನ್ನ ಹಣಿ ನೋಡದ ನನಗ ಅಂಗಡಿ ತಗ್ಯಾಕ ಆಗೂದಿಲ್ಲ."

"ನಾ ಎಲ್ಲಿಗೂ ಹೊಂಟಿಲ್ಲ. ಕಾಗದಾ ಮಡಚಾಕ ಕುಂಕುಮ ಬೇಕಾಗೂದಿಲ್ಲ."

"ಮತ್ತ ಕಾರ್ಡಿಗೆ?"

"ಮಂದಿ ಮಗಳ ಲಗ್ನ ಐತಪಾ. ಅವರು ನಂಬಿ ಕೈ ಮುಂದ ಮಾಡ್ತಾರ. ಗೊತ್ತಿದ್ದೂ ನಾ ಹ್ಯಾಂಗ ಹಚ್ಚಲಿ? ರಾಜೇಶ್ವರಿಗೆ ಹೇಳು. ಇಲ್ಲಾ, ಈ ಪದ್ಧತಿನ ಬಿಡು. ಅದು ನಿನಗ ಬಿಟ್ಟಿದ್ದು."

ಉದ್ದವ್ವ ನನ್ನ ಕಾಲ ಬಳಿ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನ್ನ ಪಾಲಿನದನ್ನೂ ಅವಳೇ ಅಳುತ್ತಿದ್ದಂತೆ ಇತ್ತು.

ಸಪ್ನಾ ಚೀಲದಲ್ಲಿ ಕೈ ಹಾಕಿದಳು. "ಆಯಿ, ನಾ ಮಾಡಿದ ಕೆಲಸದ್ದು ಒಂದು ಪೆನ್ ಡ್ರೈವ್ ತಂದೇನ್ರಿ, ಸರ್‌ಗೆ ತೋರಸಾಕ. ಅವರದೂ ಅದರಾಗ ಐತಿ. ನೋಡ್ತೀರೇನ್ರಿ?"

ಅಭಿ ಬೇಡವೆಂದು ಅವಳಿಗೆ ಸನ್ನೆ ಮಾಡಿದ. ನಾನು ಸ್ಟೂಲನ್ನು ಪರದೆಯ ಹತ್ತಿರ ಎಳೆದುಕೊಂಡೆ.

ನನ್ನ ಮುಖ ಸರಿಯಿತು, ಅವರದು ಬಂತು. ಹೂವಿನ ಹಾರ, ನೀಲಿ ಆಕಾಶ, ಗರಿಗರಿ ಬಿಳಿ ಅಂಗಿ, ತಲೆಗೆ ಕೇಸರಿ ಪಟಕ. ಯಾರೋ ಮುಖಂಡರ ಹಾಗೆ. ಅವರು ಪಟಕ ಸುತ್ತಿದ್ದನ್ನು ನಾನು ಲಗ್ನದ ದಿನ ಬಿಟ್ಟರೆ ನೋಡಿಲ್ಲ.

"ಈ ಅಂಗಿ ಅವರದೇನು?"

"ಇಲ್ರಿ. ನಾ ಹಾಕಿದ್ದು. ಪಟಕಾನೂ ನಂದ. ಅವರು ಕೊಟ್ಟ ಫೋಟೋದಾಗ ಬರೇ ಬನಿಯನ್ ಇತ್ತು."

"ತಗೀಯಾಕ ಬರತೈತೇನು?"

"ಬರತೈತ್ರಿ. ಒಂದರ ಮ್ಯಾಲ ಒಂದು ಹಾಕಿರ್ತೇವಿ. ಒಂದೊಂದ ತಗೀಬಹುದು."

"ತಗಿ."

ಹಾರ ಹೋಯಿತು. ಆಕಾಶ ಹೋಗಿ ಹೊಗೆ ಹಿಡಿದ ಗೋಡೆ ಬಂತು. ಪಟಕ ಹೋಯಿತು. ಅಂಗಿ ಹೋಯಿತು. ಉಳಿದದ್ದು ಒಬ್ಬ ಮುದುಕ. ತಲೆ ಬೋಳಾಗಿತ್ತು. ಕೊರಳಿನ ಎಲುಬು ಎದ್ದಿತ್ತು, ಬನಿಯನ್ನಿನ ಅಂಚಿನಲ್ಲಿ ಎದೆಯ ಕೂದಲು ಬೆಳ್ಳಗೆ. ಹೆಗಲ ಮೇಲೆ ಕೈ ಒರೆಸಿಕೊಳ್ಳುವ ವಸ್ತ್ರ. ಫೋಟೋ ತೆಗೆಯುವವನಿಗೆ ಬೇಗ ಮುಗಿಸಪ್ಪ, ಒಲೆಯ ಮೇಲೆ ಏನೋ ಇದೆ ಎನ್ನುವಂತೆ ನೋಡುತ್ತಿದ್ದ.

ಇಷ್ಟು ವರ್ಷ ನಾನು ಕಾದದ್ದು ಕಪ್ಪು ಮೀಸೆಯ ಒಬ್ಬ ಗಂ‍ಡಸಿಗೆ. ನಾನು ಮುದುಕಿಯಾದೆ ಎಂದು ದಿನಾ ಕನ್ನಡಿ ಹೇಳುತ್ತಿತ್ತು. ಅವರೂ ಆಗುತ್ತಿದ್ದಾರೆ ಎನ್ನುವುದು ಒಂದು ದಿನವೂ ಹೊಳೆದಿರಲಿಲ್ಲ. ಈ ಮನುಷ್ಯ ಸಂತೆಯಲ್ಲಿ ನನ್ನ ಎದುರಿಗೇ ಬಂದಿದ್ದರೂ ಸರಿದು ದಾರಿ ಕೊಟ್ಟು ಹೋಗಿಬಿಡುತ್ತಿದ್ದೆ. ಬಂದಿದ್ದರೋ ಏನೋ.

ಹಿಂದಿನಿಂದ ಅಭಿ ಸಪ್ನಾಳನ್ನು ಕೇಳಿದ. "ತಂಗಿ, ನಾಳಿಂದ ಬರಾಕ ಆಗತೈತೇನು?"

"ಬರ್ತೇನ್ರಿ ಸರ್. ಕಲ್ಲೋಳಿಯಿಂದ ಮುಂಜಾನೆ ಬಸ್ ಐತ್ರಿ."

ಉದ್ದವ್ವ ಏನೋ ಕೇಳಿದಳು, ಅಭಿ ಉತ್ತರ ಕೊಟ್ಟ. ಸಪ್ನಾ ನನ್ನ ಕಿವಿಯ ಹತ್ತಿರ, "ಬಂದ್ ಮಾಡ್ಲೇನ್ರಿ ಆಯಿ?" ಎಂದಳು.

"ಇರಲಿ" ಎಂದೆ.

ಆ ಮುದುಕನ ಗುರುತು ಹಿಡಿಯಲು ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಗಿತ್ತು.